ಸಾಹುಕಾರರ ಹೆಸರಿನ ಅಡ್ಡಗೆರೆ

ನಮ್ಮೂರ ಸಾಹುಕಾರ ಚನ್ನವೀರಭದ್ರಪ್ಪನವರು ಮಗಳ ಲಗ್ನಪತ್ರಿಕೆ ಹಿಡಿದು ಪ್ರೆಸ್ಸಿಗೆ ನುಗ್ಗಿದರು. ದಪ್ಪಕ್ಷರದಲ್ಲಿ ‘ಚನ್ನವೀರ-’ ಒಂದು ಸಾಲು, ‘ಭದ್ರಪ್ಪನವರು’ ಕೆಳಗಿನ ಸಾಲು.

“ನನ್ನ ಹೆಸರನ್ನ ಕಡದೀಯಲ್ಲೋ! ಎಲ್ಲಾ ಸುಟ್ಟು ಹೊಸದು ಮಾಡು. ಖರ್ಚು ನಿಂದು!”

ಸುಟ್ಟರೆ ಅಚ್ಚಿನ ಮೊಳೆ ಜೋಡಿಸುವ ಮೌಲಾಸಾಬನ ಪಗಾರವೂ ಸುಟ್ಟಂತೆಯೇ. ಆದರೆ ಹೊಗಳಿಕೆಗೆ ಬಂಡವಾಳ ಬೇಕಿಲ್ಲವೆಂದು ಅವನಿಗೆ ಗೊತ್ತಿತ್ತು.

“ಮಾಡ್ತೀನ್ರಿ ಸಾವ್ಕಾರ್ರ. ಆದ್ರ ನಿಮ್ಮ ಬೀಗರು ಈರಪ್ಪನೋರ ಹೆಸರು ನೋಡ್ರಿ, ಅರ್ಧ ಸಾಲಿನ್ಯಾಗ ಮುಗದೈತಿ. ನಿಮ್ಮದು ಸಾಲು ತುಂಬಿ ಹೊರಗ ಚೆಲ್ಲೈತಿ. ‘ಇನ್ನೂ ಐತಿ, ತಾಳ್ರಿ’ ಅನ್ನಾಕ ಆ ಅಡ್ಡಗೆರಿ. ಬ್ಯಾಡಂದ್ರ ಸಣ್ಣಕ್ಷರ ಹಾಕಿ ನಿಮ್ಮನ್ನೂ ಅವರ ಅಳತಿಗೆ ತರ್ತೀನಿ.”

ಸಾಹುಕಾರರು ಪತ್ರಿಕೆಯನ್ನು ದೂರ ಹಿಡಿದು ನೋಡಿದರು. ಮೀಸೆ ನಿಧಾನವಾಗಿ ಮೇಲೇರಿತು. “ಇರ್ಲಿ ಬಿಡು” ಎಂದು ಕಟ್ಟು ಹೊರಿಸಿಕೊಂಡು ಹೋದರು.

ಮರುದಿನ ಬಾಗಿಲಲ್ಲಿ ಬೀಗರು ಈರಪ್ಪನವರು:

“ಅಲ್ಲೋ ಮೌಲಾಸಾಬ, ಗಂಡಿನ ಕಡೆಯವರು ನಾವು. ನಮಗ್ಯಾಕ ಗೆರಿ ಇಲ್ಲ?”