ಸೋರೆಕಾಯಿಯ ಗಾತ್ರ, ನುಗ್ಗೆಸೊಪ್ಪಿನ ಸತ್ವ

ಹೊನ್ನಗುಡ್ಡ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ, ಸಿಂಗರಸ ಅಂತ. ಅವನ ಅರಮನೆ ಗುಡ್ಡದ ನೆತ್ತಿಯ ಮೇಲೆ. ಕೆಳಗಿನ ತೋಟದಿಂದ ಮೇಲಕ್ಕೆ ಸರಿಯಾಗಿ ನೂರು ಮೆಟ್ಟಿಲು. ಆ ಅರಮನೆಯ ಅಡುಗೆಮನೆಗೆ ಯಜಮಾನ ಚೆಲುವಯ್ಯ. ನಮ್ಮ ಕಥೆ ಅವನದು, ರಾಜನದಲ್ಲ. ರಾಜರ ಕಥೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಬಿಡಿ.

ಚೆಲುವಯ್ಯನ ಕೈಯಡುಗೆಗೆ ಎರಡು ಮಾತಿಲ್ಲ. ಆದರೆ ಅವನ ಎದೆಯಲ್ಲಿ ಒಂದು ನಾಚಿಕೆ ಕೂತಿತ್ತು. ಕೆಲಸಕ್ಕೆ ಸೇರುವಾಗ, "ನಮ್ಮದು ತಲೆತಲಾಂತರದಿಂದ ಅರಮನೆ ಅಡುಗೆಯವರ ವಂಶ. ಸಣ್ಣಕ್ಕಿ, ತುಪ್ಪ ಬಿಟ್ಟು ಬೇರೆ ಕಂಡವರಲ್ಲ" ಅಂದುಬಿಟ್ಟಿದ್ದ. ನಿಜ ಏನಪ್ಪಾ ಅಂದರೆ, ಅವನು ಹುಟ್ಟಿದ್ದು ಕೆರೆಕೋಡಿಯ ಒಂದು ಗುಡಿಸಲಲ್ಲಿ. ಗುಡಿಸಲ ಮುಂದೆ ಒಂದು ನುಗ್ಗೆಮರ. ಬೆಳಿಗ್ಗೆ ನುಗ್ಗೆಸೊಪ್ಪಿನ ಸಾರು, ಮಧ್ಯಾಹ್ನ ನುಗ್ಗೆಸೊಪ್ಪಿನ ಪಲ್ಯ, ಸಂಜೆ ಅದೇ ಸೊಪ್ಪು ಬೆರೆಸಿದ ರಾಗಿರೊಟ್ಟಿ. ಅವ್ವ ತೀರಿಕೊಂಡ ಮೇಲೆ ಅಕ್ಕ ಹೊಂಬಾಳಮ್ಮ ಅದನ್ನೇ ಉಣಿಸಿ ಅವನನ್ನು ಆಳೆತ್ತರ ಬೆಳೆಸಿದ್ದಳು.

ಹೀಗಿರುವಾಗ ರಾಜಕುಮಾರಿ ಚಿಕ್ಕದೇವಿಗೆ ನಿತ್ರಾಣ ಶುರುವಾಯಿತು. ಮುಖ ಬಿಳಿಚಿಕೊಂಡಿತು. ಉಗುರು ಸುಣ್ಣದ ಬಣ್ಣಕ್ಕೆ ತಿರುಗಿತು. ತೋಟದಲ್ಲಿ ಆಡಿ ನೂರು ಮೆಟ್ಟಿಲು ಓಡಿ ಹತ್ತುತ್ತಿದ್ದ ಹುಡುಗಿ ಐವತ್ತಕ್ಕೇ ಉಸ್ಸೆಂದು ಕೂತಳು.

ವೈದ್ಯರು ನಾಡಿ ಹಿಡಿದು ನೋಡಿದರು. "ರಕ್ತ ಕಮ್ಮಿ. ಇದಕ್ಕೆ ಮದ್ದಿಗಿಂತ ಊಟ ಮುಖ್ಯ. ಈಗ ಊರಲ್ಲಿ ಧಾರಾಳವಾಗಿ ಸಿಗೋದು ಎರಡೇ, ಸೋರೆಕಾಯಿ ಮತ್ತು ನುಗ್ಗೆಸೊಪ್ಪು. ನಾನು ಬೇರುನಾರು ಬಲ್ಲೆ. ಇವೆರಡರಲ್ಲಿ ಯಾವುದು ಮೈಗೆ ಹತ್ತುತ್ತೆ ಅನ್ನೋದನ್ನು ಬೇಯಿಸುವವರು ಹೇಳಲಿ."

ರಾಜ ಚೆಲುವಯ್ಯನ ಕಡೆ ತಿರುಗಿದ. ಉತ್ತರ ಚೆಲುವಯ್ಯನ ನಾಲಿಗೆ ತುದಿಯಲ್ಲೇ ಇತ್ತು. ನುಗ್ಗೆ ಅಂದರೆ, ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ. ಕೇಳಿದರೆ ಗುಡಿಸಲಿನ ಗುಟ್ಟು ಹೊರಗೆ ಬೀಳುತ್ತೆ.

"ಸೋರೆಕಾಯಿ, ಮಹಾಸ್ವಾಮಿ. ಅದರ ಗಾತ್ರ ನೋಡಿ, ತೂಕ ನೋಡಿ. ಆ ಸೊಪ್ಪು ಆಡು ಮೇಯೋದು" ಅಂದ.

ಸರಿ, ಸೋರೆಕಾಯಿ ಪಲ್ಯ, ಸೋರೆಕಾಯಿ ಮಜ್ಜಿಗೆಹುಳಿ, ಸೋರೆಕಾಯಿ ಪಾಯಸ. ಒಂದು ತಿಂಗಳು ಕಳೆಯಿತು.

ಸುದ್ದಿ ಕೇಳಿ ಹೊಂಬಾಳಮ್ಮ ತಲೆ ಮೇಲೊಂದು ಹೊರೆ ಸೊಪ್ಪು ಹೊತ್ತು, ನೂರು ಮೆಟ್ಟಿಲು ಹತ್ತಿ ಬಂದಳು. "ಲೋ ಚೆಲುವ, ಮಗೀಗೆ ಇದನ್ನ ಮಾಡಿಕೊಡೋ."

ಸುತ್ತ ಅಡುಗೆಯ ಆಳುಗಳು. "ಯಾರಮ್ಮ ನೀನು? ಈ ಸೊಪ್ಪನ್ನು ನಾನು ಕಂಡೇ ಇಲ್ಲ" ಅಂದ ಚೆಲುವಯ್ಯ. ಅಕ್ಕ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಇಳಿದು ಹೋದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಎರಡನೇ ತಿಂಗಳು ಹುಡುಗಿ ಇಪ್ಪತ್ತು ಮೆಟ್ಟಿಲಿಗೇ ಸೋತಳು. ಹೊಂಬಾಳಮ್ಮ ಮತ್ತೆ ಬಂದಳು. "ಕಂಡಿಲ್ಲ ಅಂದೆನಲ್ಲ, ಮುಟ್ಟೂ ಇಲ್ಲ" ಅಂದ ತಮ್ಮ. ಅವತ್ತು ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಮೂರನೇ ತಿಂಗಳು ಹುಡುಗಿ ಐದು ಮೆಟ್ಟಿಲು ಹತ್ತಿ ಕಣ್ಣು ಕತ್ತಲೆ ಬಂದು ಬಿದ್ದಳು. ಹೊಂಬಾಳಮ್ಮ ಮೂರನೇ ಸಲ ಬಂದಾಗ ರಾಜನೂ ಅಲ್ಲೇ ಇದ್ದ. ಚೆಲುವಯ್ಯ ನೆಲ ನೋಡುತ್ತ, "ಕಂಡಿಲ್ಲ, ಮುಟ್ಟಿಲ್ಲ, ತಿಂದಿಲ್ಲ" ಅಂದ.

ಹೊಂಬಾಳಮ್ಮ ಯೋಚಿಸಿದಳು. ಇವನು ನನ್ನ ತಮ್ಮ ಅಂದರೆ ಹರಕು ಸೀರೆಯವಳ ಮಾತು ಯಾರು ನಂಬುತ್ತಾರೆ? ಸುಮ್ಮನಿದ್ದರೆ ಮಗು ಉಳಿಯೋದಿಲ್ಲ. ಕೈ ಮುಗಿದು ಅಂದಳು, "ಬುದ್ಧಿ, ಒಂದೇ ಒಂದು ಹೊತ್ತು ಅರಮನೆ ಮಂದಿಗೆಲ್ಲ ಎರಡನ್ನೂ ಬಡಿಸಿ, ರುಚಿ ನೋಡಿ. ನಾನು ಐದು ಹೊರೆ ಸೊಪ್ಪು ತಂದುಹಾಕ್ತೀನಿ. ಬೆಳಗಾಗೋದರೊಳಗೆ ನಿಮ್ಮ ಅಡುಗೆಯವರು ಎಲೆ ಬಿಡಿಸಿಟ್ಟರೆ ಸಾಕು."

"ಒಂದು ಕಡ್ಡಿಯಲ್ಲೂ ಎಲೆ ಉಳಿಯಬಾರದು. ಉಳಿದರೆ ಅಡುಗೆಮನೆಗೆ ಹೊಸ ಯಜಮಾನ ಬರುತ್ತಾನೆ" ಅಂತ ರಾಜನ ಅಪ್ಪಣೆಯಾಯಿತು.

ನುಗ್ಗೆ ಎಲೆ ನಿಮಗೆ ಗೊತ್ತಲ್ಲ, ಕಿರುಬೆರಳಿನ ಉಗುರಿನಷ್ಟು. ಹತ್ತು ಆಳು ಸುತ್ತ ಕೂತು ಒಂದೊಂದೇ ಎಲೆ ಕಿತ್ತರು. ಬೆನ್ನು ಹಿಡಿಯಿತು, ಬೆರಳು ಹಸಿರಾಯಿತು. ದೀಪ ಹಚ್ಚುವ ಹೊತ್ತಿಗೆ ಒಂದು ಮೊರ ತುಂಬಿರಲಿಲ್ಲ.

"ಯಜಮಾನ್ರೇ, ಇದು ಬರೋ ಅಮಾವಾಸ್ಯೆಗೂ ಮುಗಿಯಲ್ಲ" ಅಂದ ಒಬ್ಬ. "ಆಡನ್ನೇ ಕರೆಸಿಬಿಡೋಣ" ಅಂದ ಇನ್ನೊಬ್ಬ.

ಚೆಲುವಯ್ಯನಿಗೆ ಬೆವರು ಕಿತ್ತುಬಂತು. ತಲೆ ಯೋಚಿಸುವ ಮೊದಲೇ ಕೈ ಕೆಲಸಕ್ಕೆ ಇಳಿಯಿತು. ದಪ್ಪ ಪಂಚೆ ತರಿಸಿದ, ಸೊಪ್ಪನ್ನು ಕಡ್ಡಿ ಸಮೇತ ಅದರಲ್ಲಿ ಒತ್ತಿ ತುಂಬಿದ, ಬಿಗಿಯಾಗಿ ಗಂಟು ಕಟ್ಟಿ ಒಲೆಯ ಪಕ್ಕ ಮೂಲೆಯಲ್ಲಿಟ್ಟ. ಐದು ಹೊರೆಗೆ ಐದು ಗಂಟು. "ಏಳಿ, ಮಲಗಿ ಹೋಗಿ" ಅಂದ.

ಬೆಳಿಗ್ಗೆ ರಾಜನ ಮುಂದೆ ಗಂಟು ಬಿಚ್ಚಿ ಕೊಡವಿದರೆ ಎಲೆಯೆಲ್ಲ ತಾನಾಗಿ ಉದುರಿ ಕೆಳಗೆ ರಾಶಿ. ಕೈಯಲ್ಲಿ ಬೋಳು ಕಡ್ಡಿ.

"ಭಲೆ. ಯಾರ ಉಪಾಯ ಇದು?" ಅಂದ ರಾಜ.

"ನಮ್ಮ ಯಜಮಾನರದು, ಮಹಾಸ್ವಾಮಿ" ಅಂದರು ಆಳುಗಳು, ಹೆಮ್ಮೆಯಿಂದ.

ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮ ಮೆಲ್ಲಗೆ ಕೇಳಿದಳು. "ಬುದ್ಧಿ, ಬಟ್ಟೇಲಿ ಕಟ್ಟಿಟ್ಟರೆ ಎಲೆ ಉದುರುತ್ತೆ ಅನ್ನೋದು ದಿನಾ ಈ ಸೊಪ್ಪು ಉಣ್ಣೋ ಮನೆಯವರಿಗೆ ಗೊತ್ತು. ಕಾಣದವರಿಗೆ, ಮುಟ್ಟದವರಿಗೆ, ತಿನ್ನದವರಿಗೆ ಯಾರು ಕಲಿಸಿದರು?"

ಚೆಲುವಯ್ಯನ ಮುಖಕ್ಕೆ ರಕ್ತ ಏರಿತು. ಕಿವಿ ಸುಟ್ಟಿತು.

"ನೀನೇ ಕಲಿಸಿದ್ದಲ್ವೇನಕ್ಕಾ" ಅಂದ, ಕೇಳಿಸಿತೋ ಇಲ್ಲವೋ ಅನ್ನುವ ದನಿಯಲ್ಲಿ.

ಆಮೇಲೆ ಎಲ್ಲ ಹೇಳಿದ. ಗುಡಿಸಲು, ಅವ್ವ, ಮೂರು ಹೊತ್ತಿನ ಸೊಪ್ಪು. "ಸೋರೆಕಾಯಲ್ಲಿ ಹೆಚ್ಚಿನ ಪಾಲು ನೀರು, ಮಹಾಸ್ವಾಮಿ. ರಕ್ತ ಕೂಡಿಸೋ ಸತ್ವ ಈ ಎಲೇಲಿದೆ. ಇದನ್ನುಂಡೇ ನಾವು ಬದುಕಿದ್ದು."

"ಸೋರೆಕಾಯಿನ ಬೈಬೇಡ" ಅಂದಳು ಅಕ್ಕ. "ಬೇಸಗೆಗೆ ತಂಪು, ಹೊಟ್ಟೆಗೆ ಹಗುರ. ದೊಡ್ಡದು ಅಂತ ಹೊಗಳಿದ್ದು ನೀನು, ಅದೇನು ಹೇಳಿಕೊಂಡಿತ್ತಾ?"

ಅಷ್ಟರಲ್ಲಿ ದಾಸಿಯ ತೋಳು ಹಿಡಿದು ಚಿಕ್ಕದೇವಿ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಚೆಲುವಯ್ಯ, ಇದು ನಿನಗೆ ಮೊದಲನೇ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು, ತಾಯಿ."

ಹುಡುಗಿ ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ತನ್ನ ಬಿಳಿಚಿದ ಉಗುರು ನೋಡಿಕೊಂಡಳು. ಚೆಲುವಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುಡಿಸಲಲ್ಲಿ ಹುಟ್ಟಿದ್ದಕ್ಕೆ ಇಷ್ಟು ವರ್ಷ ನಾಚಿದ್ದ. ನಿಜವಾದ ನಾಚಿಕೆ ಏನು ಅಂತ ಅವನಿಗೆ ಆಗಲೇ ತಿಳಿದದ್ದು.

ರಾಜ ಅವನನ್ನು ಕೆಲಸದಿಂದ ತೆಗೆಯಲಿಲ್ಲ. "ದಿನಾ ನೀನೇ ಬಡಿಸಬೇಕು. ಬಡಿಸುವಾಗ ಪಂಕ್ತಿಗೆಲ್ಲ ಕೇಳೋ ಹಾಗೆ, ಇದು ಏನು, ಯಾರು ಕಲಿಸಿದ್ದು ಅಂತ ಹೇಳಬೇಕು" ಅಂದ. ಮೊದಲ ದಿನ ಚೆಲುವಯ್ಯ ಬಡಿಸಿದವನೇ ಅಡುಗೆಮನೆಗೆ ಓಡಿದ. ಎರಡನೇ ದಿನ ಅರ್ಧ ಮಾತು ಬಂತು. ಮೂರನೇ ದಿನ ಹೇಳಿದ, "ಇದು ನುಗ್ಗೆಸೊಪ್ಪು. ನಮ್ಮಕ್ಕ ಹೊಂಬಾಳಮ್ಮ ಕಲಿಸಿದ್ದು."

ತಿಂಗಳುಗಳು ಉರುಳಿದವು. ಒಂದು ದಿನ ಚಿಕ್ಕದೇವಿ ಕೆಳಗಿನಿಂದ ಮೇಲಿನವರೆಗೆ ನಿಲ್ಲದೆ ಹತ್ತಿ ಬಂದಳು. ಎಲ್ಲರೂ ನಕ್ಕರು. ಚೆಲುವಯ್ಯನೂ ನಕ್ಕ, ಆದರೆ ತಲೆ ಎತ್ತಿ ಅವಳ ಮುಖ ನೋಡುವುದು ಅವನಿಂದ ಆಗಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ, ತರಕಾರಿಯನ್ನು ಗಾತ್ರ ನೋಡಿ ಅಳೆಯಬೇಡಿ. ಬೆಳೆಸಿದ ಊಟಕ್ಕೆ, ಉಣಿಸಿದ ಕೈಗೆ ನಾಚಬೇಡಿ. ಆ ನಾಚಿಕೆ ಮುಚ್ಚೋಕೆ ಹೇಳಿದ ಸುಳ್ಳಿಗೆ ಇನ್ನೊಬ್ಬರ ಮೈ ಸವೆಯುತ್ತೆ. ಇನ್ನು ಏಳಿ, ಕೈ ತೊಳೆದುಕೊಳ್ಳಿ. ತಟ್ಟೆಯಲ್ಲಿರೋ ಸೊಪ್ಪನ್ನು ಯಾರೂ ಅಂಚಿಗೆ ಸರಿಸಕೂಡದು.