ನೀಲವ್ವ ತಟ್ಟಿದ ಬಾಗಿಲು

ನೀಲವ್ವನ ಮೂರು ವರ್ಷದ ಮಗ ಜ್ವರದಿಂದ ಸತ್ತ. ಹೊಳೆದಂಡೆಯ ಆಶ್ರಮದ ಗುರುಗಳು ಅಂದು ಪರವೂರಿನಲ್ಲಿದ್ದರು. ಅವರ ಶಿಷ್ಯ ಸೋಮಯ್ಯನೇ ನಿಂತು ಕೂಸನ್ನು ಮಣ್ಣು ಮಾಡಿಸಿದ.

ಗುರುಗಳು ಮರಳಿದ ದಿನ ನೀಲವ್ವನ ಗಂಡ ಯಮನೂರಪ್ಪ ಬಂದು ಅಂಗಳದಲ್ಲಿ ನಿಂತ.

"ಅಜ್ಜಾರ, ಎರಡು ದಿನ ಆತ್ರಿ. ಆಕಿ ಗುಟುಕು ನೀರು ಕುಡಿದಿಲ್ಲ. ನನ್ನ ಕೂಸನ್ನ ನಾನ ಕೊಂದೆ ಅಂತಾಳ. ಹಿಂಗ ಬಿಟ್ಟರ ಆಕಿನೂ ಉಳಿಯಂಗಿಲ್ಲ."

"ಹಂಗ್ಯಾಕ ಅಂತಾಳ?"

ಯಮನೂರಪ್ಪ ಸೋಮಯ್ಯನ ಕಡೆ ನೋಡಿದ.

ಸೋಮಯ್ಯ ಹೇಳಿದ: "ಕೂಸಿನ ಕೊಳ್ಳಾಗ ಹನುಮಪ್ಪನ ಗುಡಿಯ ದಾರ ಇತ್ತು. ಅದರ ಜೋಡಿ ದರ್ಗಾದ ತಾಯತ. ಮ್ಯಾಲೆ ಚರ್ಚಿನ ಮೇರಿಯಮ್ಮನ ಪದಕ. ಮೂರು ಬಾಗಿಲಿಗೆ ತಿರುಗಿದಿ, ಅದಕ್ಕ ನಿನ್ನ ದೇವರು ಮುನಿದ ಅಂತ ಆಕಿಗೆ ಅಂದೆ. ತಪ್ಪೇನ್ರಿ?"

"ಯಾವಾಗ ಅಂದಿ?"

"ಮಣ್ಣು ಹಾಕುವಾಗ."

ಗುರುಗಳು ಅವನ ಕಡೆ ತಿರುಗಿದರು.

"ದೇವರು ಎಷ್ಟು ಮಂದಿ, ಸೋಮಯ್ಯ?"

"ಒಬ್ಬನರಿ. ನೀವ ಕಲಿಸೀರಿ."

"ಮತ್ತ ಯಾರನ್ನ ಕಂಡು ಹೊಟ್ಟಿ ಉರೀತು ಅವನಿಗೆ?"

ಸೋಮಯ್ಯ ತಲೆ ತಗ್ಗಿಸಿದ. ಆದರೂ ಸೋಲಲು ಮನಸ್ಸಿಲ್ಲ. "ಹಂಗಾದರ ಕೂಸು ಯಾಕ ಸತ್ತಿತು?"

"ನನಗ ಗೊತ್ತಿಲ್ಲ."

"ಗುರುಗಳಾಗಿ ನೀವು ಗೊತ್ತಿಲ್ಲ ಅಂದರ ಹೆಂಗ್ರಿ?"

"ನಿನಗೂ ಗೊತ್ತಿರಲಿಲ್ಲ. ಆದರ ನೀ ಬಾಯಿ ತೆರೆದಿ. ನಡಿ."

ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದಿತ್ತು. ಬಂದವರನ್ನು ನೋಡಿಯೂ ಸೆರಗು ಎಳೆದುಕೊಳ್ಳಲಿಲ್ಲ.

ಯಮನೂರಪ್ಪ ಚಾಪೆ ಹುಡುಕಿದ. ಗುರುಗಳು ಬೇಡವೆಂದು ನೆಲದ ಮೇಲೆಯೇ ಅವಳೆದುರು ಕೂತರು.

"ನನ್ನವ್ವ, ಇವ ಸುಳ್ಳು ಹೇಳಿದ. ನೀ ತಟ್ಟಿದ್ದು ಮೂರು ಬಾಗಿಲು ಖರೆ. ಒಳಗಿದ್ದಾಂವ ಒಬ್ಬನ."

ನೀಲವ್ವ ಮೊದಲ ಸಲ ಮುಖವೆತ್ತಿದಳು.

"ಒಬ್ಬನ? ಅಂದರ ಮೂರು ಸಲ ಕೇಳಿಸಿಕೊಂಡೂ ಸುಮ್ಮನ ಕುಂತನಾ?"

"ಹೌದು."

"ಇದನ್ನ ಹೇಳಾಕ ಬಂದ್ರೇನು?"

"ನಿನ್ನನ್ನ ನೀ ಬೈಕೊಳ್ಳೋದು ಬಿಡು ಅಂತ ಹೇಳಾಕ ಬಂದೆ. ಬೈಯೂದಿದ್ದರ ಅವನನ್ನ ಬೈ."

ಸೋಮಯ್ಯ ಬಾಗಿಲ ಬಳಿ ಬೆಚ್ಚಿದ.

ನೀಲವ್ವನ ದನಿ ಮೊದಲು ಏಳಲಿಲ್ಲ. ಆಮೇಲೆ ಎದ್ದಿತು.

"ಏ ಹನುಮಪ್ಪ, ಗುಡ್ಡಾನ ಹೊತ್ತು ತಂದಾಂವಂತ ನೀನು! ನನ್ನ ಕೂಸಿಗೆ ಒಂದು ಎಲಿ ತರಾಕ ಆಗಲಿಲ್ಲೇನು ನಿನಗ?"

ಮತ್ತೆ ಉಸಿರೆಳೆದುಕೊಂಡಳು.

"ಪೀರಪ್ಪ, ಐದು ಗುರುವಾರ ನಿನ್ನ ದರ್ಗಾದಾಗ ಸಕ್ಕರಿ ಓದಿಸಿದೆ. ತಿಂದು ಬಾಯಿ ಒರಸಿಕೊಂಡು ಮಲಗಿದಿ. ಮೇರಿಯಮ್ಮ, ನೀನರ ಮಗನ ಹೆಣ ತೊಡಿ ಮ್ಯಾಲೆ ಹಾಕ್ಕೊಂಡಾಕಿ. ನಿನಗೂ ಗೊತ್ತಾಗಲಿಲ್ಲಾ?"

ನೀರಿಗೆ ಕೈ ಚಾಚಿದಳು. ಯಮನೂರಪ್ಪ ಓಡಿ ತಂಬಿಗೆ ತಂದ. ಅವಳು ತಂಬಿಗೆಯನ್ನು ಎತ್ತಿ ಗಟಗಟ ಕುಡಿದಳು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಗಂಡ ಗೋಡೆಯ ಕಡೆ ತಿರುಗಿ ಅತ್ತ.

ನೀಲವ್ವ ಬಾಯಿ ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಈಗ ಬಂದವು ಓಣಿಯ ಜಗಳದಲ್ಲೂ ಹೆಂಗಸರು ಆಡದ ಮಾತುಗಳು. ಒಂದೊಂದನ್ನೂ ದೇವರ ಹೆಸರು ಹಿಡಿದೇ ಆಡಿದಳು.

ಸೋಮಯ್ಯ ಕಿವಿ ಮುಚ್ಚಿಕೊಂಡ.

"ಅಜ್ಜಾರ, ದೇವರಿಗೆ ಇಂಥಾ ಮಾತೇನ್ರಿ? ಸಾಕು ಅನ್ನಿರಿ ಆಕಿಗೆ!"

ಗುರುಗಳು ತಿರುಗಿ ನೋಡಲಿಲ್ಲ.

"ನಡುವ ಮಾತಾಡಬ್ಯಾಡ. ಅಂವ ಕೇಳಾಕತ್ತಾನ."