ತಿದ್ದಿದವರ ಸಹಿ

ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದರು, ವೃಷಭೇಂದ್ರಪ್ಪನವರು. ಅವರ ಕಣ್ಣೆಲ್ಲ ಇಂಗ್ಲಿಷಿನ ಜೋಡಿಪದಗಳ ಮೇಲೆ. ಪತ್ರದಲ್ಲಿ ಏನಿದೆ ಅಂತ ನೋಡುವವರಲ್ಲ. ಎರಡು ಪದ ಅಂಟಿಕೊಂಡಿವೆಯೋ ಬಿಟ್ಟುಕೊಂಡಿವೆಯೋ, ಅಷ್ಟೇ.

ಅವತ್ತು ಹಾಸ್ಟೆಲ್ ಹುಡುಗಿಯರಿಗೆ ಬೆಡ್‌ಶೀಟ್ ಕೇಳುವ ಪತ್ರ. ನಾಲ್ಕು ಗಂಟೆಯ ಟಪಾಲಿಗೆ ಹೋಗದಿದ್ದರೆ ಈ ವರ್ಷ ಮಕ್ಕಳಿಗೆ ಬರೀ ಚಾಪೆಯೇ ಗತಿ. ಟೈಪಿಸ್ಟ್ ಕಮಲಾಕ್ಷಮ್ಮ ಬೆಡ್‌ಶೀಟನ್ನು ಕೂಡಿಸಿ ಹೊಡೆದರು. ಸಾಹೇಬರು ಕೆಂಪು ಪೆನ್ನಿನಲ್ಲಿ ಬಿಡಿಸಿದರು. ಬಿಡಿಸಿ ತಂದರೆ ನಡುವೆ ಅಡ್ಡಗೆರೆ ಎಳೆದರು. ಅಡ್ಡಗೆರೆ ಹಾಕಿ ತಂದರೆ ಅದನ್ನು ಹೊಡೆದುಹಾಕಿ ಮತ್ತೆ ಕೂಡಿಸಿದರು. "ಏನಮ್ಮಾ, ಇಷ್ಟು ವರ್ಷ ಸರ್ವೀಸಾಗಿದೆ, ಇಂಗ್ಲಿಷ್ ಬರಲ್ವಾ?"

ಮೂರೂವರೆ ಆಗಿತ್ತು. ಕಮಲಾಕ್ಷಮ್ಮ ಮತ್ತೆ ಟೈಪ್ ಮಾಡಲಿಲ್ಲ. ಕೆಂಪಾದ ಮೂರೂ ಹಾಳೆಗಳನ್ನು ಸಾಹೇಬರ ಮೇಜಿನ ಮೇಲೆ ಸಾಲಾಗಿ ಹರಡಿದರು.

"ಸಾರ್, ತಿದ್ದಿದ ಕಡೆಯಲ್ಲೆಲ್ಲ ಚಿಕ್ಕ ಸಹಿ ಹಾಕಿ ತಾರೀಕು ಬರೀಬೇಕಲ್ವಾ, ಕಚೇರಿ ಪದ್ಧತಿ. ಮೂರನ್ನೂ ಫೈಲಿಗೆ ಸೇರಿಸ್ತೀನಿ. ತಡ ಯಾಕಾಯ್ತು ಅಂತ ನಾಳೆ ಮೇಲಿನವರು ಕೇಳಿದರೆ ತೋರಿಸೋಕೆ ಬೇಕಾಗುತ್ತೆ."

ಸಾಹೇಬರು ಮೊದಲನೇ ಹಾಳೆ ನೋಡಿದರು. ಎರಡನೆಯದು ನೋಡಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಪೆನ್ನಿನ ಮುಚ್ಚಳ ತಾನಾಗಿ ಮುಚ್ಚಿಕೊಂಡಿತ್ತು.

"ಸಹಿಯೆಲ್ಲ ಯಾಕಮ್ಮಾ... ನೀವು ಮೊದಲು ಹೊಡೆದಿದ್ದೇ ಇರಲಿ. ಕಳಿಸಿಬಿಡಿ."

"ಆಗಲಿ ಸಾರ್," ಅಂದ ಕಮಲಾಕ್ಷಮ್ಮ ಖಾಲಿ ಹಾಳೆಯೊಂದನ್ನು ಮುಂದಿಟ್ಟರು. "ಹಾಗಂತ ಇದರಲ್ಲಿ ಬರೆದು, ಕೆಳಗೊಂದು ಸಹಿ ಹಾಕಿ."